ಆರನೆಯ ಸಾಲಿನ ಹಾಸು

೩ ಫೆಬ್ರವರಿ ೨೦೧೫, ಸಂಜೆ ೫

ಮೊದಲ ಸುತ್ತು ಮುಗಿಯಿತು. ಮೂರು ತಿಂಗಳಲ್ಲಿ ಒಟ್ಟು ಹೋದದ್ದು ಇಷ್ಟು — ಹುಟ್ಟಿ ಒಂದೇ ದಿನವಾದ ಇಲಿಮರಿ ಎಪ್ಪತ್ತೆರಡು. ದೊಡ್ಡ ಇಲಿಯ ಬಾಲ ಹದಿನಾಲ್ಕು. ಗಾಜಿನ ಡಿಶ್ ನೂರ ನಲವತ್ತನಾಲ್ಕು. ಜನರೇಟರಿಗೆ ಡೀಸೆಲ್ ಒಂಬತ್ತು ಕ್ಯಾನ್. ಕೋಶಗಳ ಕೆಳಗೆ ಹಾಸಲು ವಿಮಾನದಲ್ಲಿ ಬಂದ ಲ್ಯಾಮಿನಿನ್ ಒಂದು ಬಾಟಲಿ — ಲಾಗೋಸಿನ ಕಸ್ಟಮ್ಸಿನಲ್ಲಿ ಒಂಬತ್ತು ದಿನ ಕೂತು, ಐಸೆಲ್ಲ ನೀರಾಗಿ, ಸತ್ತೇ ಇಲ್ಲಿಗೆ ಬಂತು. ಪಿಎಚ್‌ಡಿ ಮಾಡುವ ಹುಡುಗಿ ಇರೆತಿಯ ಮೈತೂಕ ನಾಲ್ಕು ಕಿಲೋ. ನನ್ನ ಸೊಂಟ.

ಬಂದದ್ದು: ಒಂದು ಒಳ್ಳೆ ಸುದ್ದಿ.

ಮಧ್ಯಾಹ್ನ ಇರೆತಿ ಮೈಕ್ರೋಸ್ಕೋಪಿನ ಕೋಣೆಯಿಂದಲೇ ಕೂಗಿದಳು. "ಬಾಬಾ ಮುಫು, ಬೇಗ ಬನ್ನಿ! ಕಹಿ ಎಲೆ ರಸ ಹಾಕಿದ ಕಡೆ ಗೋಡೆನೇ ಇಲ್ಲ!"

"ಗೋಡೆ ಇಲ್ದೆ ಮನೆ ಹೆಂಗಮ್ಮ ನಿಲ್ಲುತ್ತೆ?"

"ಈ ಮನೆಗೆ ಗೋಡೆ ಬೇಡ ಬಾಬಾ. ನರ ದಾಟ್ಬೇಕು."

ನೋಡಿದೆ. ನಿಜ. ಇಲಿಮರಿಯ ಮಿದುಳಿಂದ ತೆಗೆದ ನಕ್ಷತ್ರಕೋಶಗಳು ತಣ್ಣಗೆ ಮಲಗಿದ್ದವು. ನಡುವೆ ನಾನೇ ಗೀರಿದ ಗಾಯ. ಅದರ ಮೇಲೆ ನರದ ಎಳೆ ಆ ದಡದಿಂದ ಈ ದಡಕ್ಕೆ ನಡೆದು ಬಂದಿತ್ತು. ರಸ ಹಾಕದ ಡಿಶ್‌ಗಳಲ್ಲಿ ಅವೇ ಕೋಶಗಳು ಊದಿಕೊಂಡು, ಕೈಗೆ ಕೈ ಹಿಡಿದು, ಗಾಯದ ಸುತ್ತ ಬೇಲಿ ಕಟ್ಟಿದ್ದವು. ಮಿದುಳಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದರೆ ಇವು ಮಾಡುವುದೇ ಹೀಗೆ. ಗಾಯ ಹರಡದ ಹಾಗೆ ಕಲೆ ಕಟ್ಟುತ್ತವೆ, ಆಮೇಲೆ ಆ ಕಲೆಯೇ ನರಕ್ಕೆ ಅಡ್ಡ ನಿಲ್ಲುತ್ತದೆ. ಎದುರಿನ ಆಸ್ಪತ್ರೆಯಲ್ಲಿ ಮೋಟಾರ್ ಸೈಕಲಿನಿಂದ ಬಿದ್ದ ಹುಡುಗರ ಒಂದು ವಾರ್ಡೇ ಇದೆ. ಕಾಲು ಇದೆ, ಎದ್ದು ನಿಲ್ಲುವವನಿಲ್ಲ.

ಇರೆತಿ ಕುಣಿದಳು. ನಾನು ಟ್ರೇ ತೊಳೆದಿಟ್ಟೆ.

೧೧ ಫೆಬ್ರವರಿ

ನಮ್ಮ ಮುಖ್ಯಸ್ಥರು, ಪ್ರೊಫೆಸರ್ ಒಡೆಜಿದೆ, ಲ್ಯಾಬಿಗೆ ಬಂದರು. ಅವರು ಲ್ಯಾಬಿಗೆ ಬರುವುದು ಎರಡೇ ಕಾರಣಕ್ಕೆ, ಏನಾದರೂ ಸುಟ್ಟಾಗ ಅಥವಾ ಪತ್ರಿಕೆಯವರು ಬಂದಾಗ. ಇವತ್ತು ಪತ್ರಿಕೆಯವರು. ಕಹಿ ಎಲೆಯ ಕಂತೆ ಹಿಡಿದುಕೊಂಡು ಫೋಟೋ.

"ನಮ್ಮ ಅಮ್ಮಂದ್ರು ಸಾರಿಗೆ ಹಾಕೋ ಎಲೆ ಕಣಯ್ಯ ಮುಫು! ಹೊರದೇಶದವರು ಬಾಯ್ಬಿಟ್ಟು ನೋಡ್ಬೇಕು."

"ನಮ್ಮಮ್ಮ ಕಹಿ ಹೋಗ್ಲಿ ಅಂತ ಅದನ್ನ ಏಳು ಸಲ ತೊಳೀತಿದ್ರು ಪ್ರೊಫ್."

"ನಿನ್ನ ಕೈ ಇಲ್ದೆ ಇದಾಗ್ತಿರಲಿಲ್ಲ."

ಈ ಮಾತು ಇಪ್ಪತ್ತಾರು ವರ್ಷದಲ್ಲಿ ಎರಡನೇ ಸಲ ಹೇಳಿದ್ದು. ಕಸಾಯಿಖಾನೆಯಲ್ಲಿ ದನದ ಚರ್ಮ ಸುಲಿಯುತ್ತಿದ್ದವನನ್ನು ಇಲಿ ಕೊಯ್ಯಲು ಕರೆತಂದವರು ಇವರೇ. ಸ್ಕೂಲು ಐದನೇ ಕ್ಲಾಸು. ಮಿಕ್ಕಿದ್ದೆಲ್ಲ ಕಣ್ಣಲ್ಲಿ ನೋಡಿ, ಬಾಯಲ್ಲಿ ಕೇಳಿ ಕಲಿತದ್ದು.

ನನ್ನ ಕೈಯ ವಿಷಯ ಇಲ್ಲಿ ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಕೋಶಗಳು ಬರಿ ಗಾಜಿನ ಮೇಲೆ ನಿಲ್ಲುವುದಿಲ್ಲ. ಕೆಳಗೊಂದು ಹಾಸು ಬೇಕು. ಮಿದುಳಿನಲ್ಲಿ ಕೋಶ ಕೋಶದ ನಡುವೆ ಪ್ರೋಟೀನಿನ ಹಾಸು ತಾನಾಗಿಯೇ ಇರುತ್ತದೆ, ಇಲ್ಲಿ ನಾವು ಹಾಸಬೇಕು. ಕೊಂಡ ಲ್ಯಾಮಿನಿನ್ ಸತ್ತ ಮೇಲೆ ನಾನು ಇಲಿಬಾಲದ ಒಳಗಿನ ಬಿಳಿ ದಾರ ಎಳೆದು, ಹುಳಿ ಆಮ್ಲದಲ್ಲಿ ಕರಗಿಸಿ ಕೊಲಾಜೆನ್ ಮಾಡಿಕೊಟ್ಟೆ. ನನ್ನಷ್ಟು ಚೆನ್ನಾಗಿ ಮಾಡುವವರು ಇಬಾದಾನಿನಲ್ಲಿ ಇಲ್ಲ.

ಗೋಡೆಯ ಮೇಲೆ ಪ್ರೊಫ್ ಅಂಟಿಸಿದ ನಿಯಮ: ಒಂದು ಸಲ ಹುಯ್ದದ್ದನ್ನು ಚೆಲ್ಲಬೇಕು. ನನ್ನ ನಿಯಮ ಬೇರೆ. ಟ್ರೇಯಲ್ಲಿ ಇಪ್ಪತ್ತನಾಲ್ಕು ಡಿಶ್, ನಾಲ್ಕರಂತೆ ಆರು ಸಾಲು. ಮೊದಲ ಸಾಲಿಗೆ ಹುಯ್ಯುವುದು, ಒಂದು ಗಂಟೆ ಬಿಡುವುದು, ಹೀರಿಕೊಂಡು ಅದನ್ನೇ ಎರಡನೆಯ ಸಾಲಿಗೆ... ಹೀಗೆ ಆರನೆಯದರವರೆಗೆ. ನಿಯಮದಂತೆ ಹೋಗಿದ್ದರೆ ಎಂಬತ್ತನಾಲ್ಕು ಬಾಲ ಬೇಕಾಗುತ್ತಿತ್ತು. ಹದಿನಾಲ್ಕರಲ್ಲಿ ಮುಗಿಸಿದೆ. ಪ್ರತಿದಿನ ಪುಸ್ತಕದಲ್ಲಿ 'ಹೊಸದು' ಅಂತ ಬರೆದು ಸಹಿ ಹಾಕುತ್ತೇನೆ. ಇರೆತಿಗೆ ಗೊತ್ತಿಲ್ಲ. ಗೊತ್ತಾಗಿ ಅವಳಿಗೆ ಏನಾಗಬೇಕು?

೨ ಮಾರ್ಚ್

ಎರಡನೆಯ ಸುತ್ತಿನ ಮೊದಲ ಟ್ರೇ. ಬೆಂಚಿನ ಎಡಗಡೆ ಎಲೆಕ್ಟ್ರಿಷಿಯನ್ ಏಣಿ ಹಾಕಿಕೊಂಡು ಕೆಟ್ಟ ಫ್ಯಾನಿಗೆ ಉಪಚಾರ ಮಾಡುತ್ತಿದ್ದ. ಸಂಜೆಯವರೆಗೂ ಇಳಿಯಲಿಲ್ಲ. ಬಲಗಡೆಯಿಂದ ಹಾಸುತ್ತ ಬಂದೆ. ಕೆಲಸ ನಿಲ್ಲಲಿಲ್ಲ.

೧೪ ಮಾರ್ಚ್, ಶನಿವಾರ

ತಲೆಕೆಳಗಾಗಿದೆ.

ರಸ ಹಾಕಿದ ಡಿಶ್‌ಗಳಲ್ಲಿ ಬೇಲಿ, ಹಾಕದವುಗಳಲ್ಲಿ ತಣ್ಣಗೆ ಮಲಗಿದ ಕೋಶಗಳು. ಇರೆತಿ ಮೂರು ಸಲ ಚೀಟಿ ನೋಡಿದಳು. ಕೂತಳು. ಎದ್ದಳು. ಮತ್ತೆ ಕೂತಳು.

"ಚೀಟಿ ಅದಲು ಬದಲು ಮಾಡ್ಬಿಟ್ನಾ ಬಾಬಾ? ಏಪ್ರಿಲಿಗೆ ವರದಿ ಕೊಡ್ಬೇಕು. ಇದನ್ನ ಹೆಂಗೆ ಬರೀಲಿ?"

ನನಗೆ ಆಗ ಗೊತ್ತಿರಲಿಲ್ಲ ಅಂತ ಬರೆಯಬೇಕೆನಿಸುತ್ತದೆ. ಗೊತ್ತಿರಲಿಲ್ಲ ಪೂರ್ತಿ. ಅರ್ಧ ಗೊತ್ತಿತ್ತು. ಕಣ್ಣೆದುರು ಆ ಏಣಿ ಬಂತು. ಬಾಯಿ ನನಗಿಂತ ಮುಂದೆ ಓಡಿತು.

"ನಿನ್ನ ತಪ್ಪಲ್ಲಮ್ಮ. ಗ್ಯಾಸ್ ಮುಗಿದುಹೋಗಿತ್ತು. ಇನ್‌ಕ್ಯುಬೇಟರಿನಲ್ಲಿ ಉಸಿರು ಕಟ್ಟಿ ಹಿಂಗಾಗಿದೆ. ಕೆಟ್ಟ ಟ್ರೇ. ಚೆಲ್ಲಿಬಿಡು."

"ನಿಜವಾಗ್ಲೂ?"

"ಇಪ್ಪತ್ತಾರು ವರ್ಷದಲ್ಲಿ ಇಂಥ ಎಷ್ಟು ನೋಡಿಲ್ಲ ನಾನು!"

ಅವಳ ಪುಸ್ತಕದಲ್ಲಿ ಬರೆದಳು: ಗ್ಯಾಸ್ ಕೊರತೆ, ಚೆಲ್ಲಲಾಯಿತು. ಬ್ಲೀಚ್ ಹುಯ್ದು ಸಿಂಕಿಗೆ ಬಿಟ್ಟಳು. ಹೋಗುವಾಗ ಹಿರಿಯರಿಗೆ ಮಾಡುವಂತೆ, ಎಂದಿನ ಹಾಗೆ ಮಂಡಿಯೂರಿ, "ನೀವಿಲ್ದಿದ್ರೆ ನನ್ನ ಗತಿ ಏನು ಬಾಬಾ," ಅಂದಳು.

೧೫ ಮಾರ್ಚ್

ಬೆಳಗಿನ ಚಹಾ. ಅತಿಥಿಗಳು ಆರು ಜನ, ನನ್ನ ಹೆಂಡತಿ ಸಿಕಿರಾತ್ ಮೂರು ಟೀ ಚೀಲ ತೆಗೆದಳು. ಒಂದು ಸಾಕು ಅಂದೆ.

"ಒಂದ್ರಲ್ಲಿ ಆರು ಲೋಟ ಅದ್ದಿದ್ರೆ ಮೊದಲನೇವ್ನು ಕಷಾಯ ಕುಡೀತಾನೆ, ಆರನೇವ್ನು ಬಿಸಿನೀರು ಕುಡೀತಾನೆ. ನಿಮ್ಮ ಇಲಿ ಬುದ್ಧಿನ ಲ್ಯಾಬಲ್ಲೇ ಬಿಟ್ಟು ಬನ್ನಿ."

ಎಲ್ಲರೂ ನಕ್ಕರು. ನಾನು ರೊಟ್ಟಿ ಕೆಳಗಿಟ್ಟೆ.

ಎಡಗಡೆ ರಸ ಹಾಕದ ಡಿಶ್, ಬಲಗಡೆ ರಸ ಹಾಕಿದ ಡಿಶ್. ಯಾವಾಗಲೂ ಹಾಗೆ. ನಾನು ಹಾಸುವುದು ಎಡದಿಂದ ಬಲಕ್ಕೆ. ಯಾವಾಗಲೂ ಹಾಗೆ. ಅಂದರೆ ರಸ ಬೀಳುವ ಹೊತ್ತಿಗೆ ಅಲ್ಲಿ ಹಾಸೇ...

೩೦ ಮಾರ್ಚ್

ಚುನಾವಣೆ ಅಂತ ಶನಿವಾರ ಊರೆಲ್ಲ ಬಂದ್. ಇವತ್ತು ಎಲ್ಲರೂ ರೇಡಿಯೋ ಮುಂದೆ. ನಾನೊಬ್ಬನೇ ಲ್ಯಾಬಿಗೆ ಹೋದೆ.

ಯಾರಿಗೂ ಹೇಳದೆ ಒಂದು ಟ್ರೇ ಇಟ್ಟಿದ್ದೆ. ಎಲೆ ರಸ ಒಂದು ತೊಟ್ಟೂ ಇಲ್ಲ, ಬರೀ ಹಾಸು, ಎಡದಿಂದ ಬಲಕ್ಕೆ. ಇವತ್ತು ನೋಡಿದೆ. ಒಂದನೆಯ ಸಾಲು: ಗಟ್ಟಿ ಬೇಲಿ. ಎರಡು: ಬೇಲಿ. ಮೂರು: ಅಲ್ಲಲ್ಲಿ ಕಿಂಡಿ. ನಾಲ್ಕು: ಬೇಲಿಯ ನೆನಪು. ಐದು, ಆರು: ತಣ್ಣಗೆ ಮಲಗಿವೆ, ಗಾಯವೇ ಆಗಿಲ್ಲವೆಂಬಂತೆ.

ಎಲೆ ಏನೂ ಮಾಡಿಲ್ಲ. ಕೊಲಾಜೆನ್ ದಪ್ಪ ಇದ್ದಲ್ಲಿ ಕೋಶ ಕಲೆ ಕಟ್ಟುತ್ತದೆ, ತೆಳುವಾದಲ್ಲಿ ಸುಮ್ಮನಿರುತ್ತದೆ. ಅಷ್ಟೆ.

ಹೇಳಬೇಕು. ನಾಳೆ ಹೇಳುತ್ತೇನೆ.

೨ ಏಪ್ರಿಲ್

ಹೇಳಲಿಲ್ಲ. ಹೇಳಿದರೆ 'ಹೊಸದು' ಅಂತ ಹಾಕಿದ ಸಹಿಗಳೆಲ್ಲ ಎದ್ದು ನಿಲ್ಲುತ್ತವೆ. ನವೆಂಬರಿನಲ್ಲಿ ನಿವೃತ್ತಿ. ಏಳು ತಿಂಗಳು.

೨೦ ಏಪ್ರಿಲ್

ಮತ್ತೊಂದು ಟ್ರೇ. ಎಡಗಡೆ ಏಣಿ ಇಲ್ಲ. ಎರಡು ದಾರಿ ಇತ್ತು: ಪ್ರತಿ ಸಾಲಿಗೂ ಹೊಸ ಹಾಸು ಹುಯ್ಯುವುದು, ಅಥವಾ ಎಂದಿನಂತೆ. ಬಾಲ ಸಾಲದೇ ಇತ್ತು ಅಂತಲ್ಲ, ಡಬ್ಬಿ ತುಂಬ ಇತ್ತು.

ಕೈ ಎಡದಿಂದಲೇ ಹೊರಟಿತು. ಆರು ಗಂಟೆ ಹಿಡಿಯಿತು. ಆರು ಗಂಟೆಯೂ ಎಚ್ಚರವಾಗಿಯೇ ಇದ್ದೆ.

೪ ಮೇ

ಎಲೆ ಮತ್ತೆ ಗೆದ್ದಿತು. ಇರೆತಿ ಅಕಾರಾ ವಡೆ ತಂದು ಎಲ್ಲರಿಗೂ ಹಂಚಿದಳು. ನನಗೆ ನಾಲ್ಕು, ಪ್ರೊಫ್‌ಗೆ ಎರಡು. "ಬಾಬಾನ ಕೈ ದೊಡ್ಡದು," ಅಂದಳು. ತಿಂದೆ.

೯ ಜುಲೈ, ರಂಜಾನ್ ೨೨

ಉಪವಾಸದ ಬಾಯಲ್ಲಿ ಸುಳ್ಳು ಹೇಳಬಾರದು ಅಂತ ಇವತ್ತು ಯಾರ ಜೊತೆಗೂ ಮಾತಾಡಲಿಲ್ಲ.

ಆಕ್ರಾದ ಒಂದು ಲ್ಯಾಬಿನವರು ಇರೆತಿಯ ವರದಿ ಓದಿ ಅದೇ ಪ್ರಯೋಗ ಮಾಡಿ ನೋಡಿದ್ದಾರೆ. ಪ್ರತಿ ಡಿಶ್ಶಿಗೂ ಹೊಸ ಹಾಸು. ರಸ ಹಾಕಿದರೂ ಬೇಲಿ, ಹಾಕದಿದ್ದರೂ ಬೇಲಿ. ಕಾಗದ ಬಂದಿದೆ, ತುಂಬ ವಿನಯದ ಕಾಗದ. ವಿನಯ ಜಾಸ್ತಿಯಾದಷ್ಟೂ ಪ್ರೊಫ್ ಮುಖ ಕಪ್ಪಿಟ್ಟಿತು. "ಎಲ್ಲ ಪುಸ್ತಕ ತೆಗೆಸಿ," ಅಂದರು.

ಇರೆತಿ ನನ್ನ ಬೆಂಚಿಗೆ ಬಂದಳು. "ನಾವು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ಏನು ವ್ಯತ್ಯಾಸ ಬಾಬಾ? ನಿಮಗೇನಾದ್ರೂ ಹೊಳಿಯುತ್ತಾ?"

ಬಾಯಿ ಮುಟ್ಟಿ ತೋರಿಸಿದೆ: ಉಪವಾಸ. ಅವಳು ತಲೆಯಾಡಿಸಿ ಹೋದಳು.

೪ ಆಗಸ್ಟ್, ಮಧ್ಯಾಹ್ನ

ಸಮಿತಿ. ಮೂರು ಜನ, ನಡುವೆ ಡೀನ್ ಮೇಡಂ. ಇರೆತಿ ಅವರೆದುರು. ಪ್ರೊಫ್ ಕಿಟಕಿ ಪಕ್ಕ, ಇಲ್ಲಿಗೆ ಸಂಬಂಧವಿಲ್ಲದವರ ಹಾಗೆ. ನನ್ನನ್ನು ಕೊನೆಗೆ ಕರೆದರು.

ಅವರ ಗಂಟಲಿಗೆ ಸಿಕ್ಕಿಕೊಂಡದ್ದು ಆಕ್ರಾ ಅಲ್ಲ, ಮಾರ್ಚ್ ಹದಿನಾಲ್ಕು. ಸರಿ ಬಂದದ್ದನ್ನೆಲ್ಲ ಇಟ್ಟುಕೊಂಡು, ಉಲ್ಟಾ ಬಂದ ಒಂದನ್ನು ಮಾತ್ರ ಚೆಲ್ಲಿದ್ದಾಳೆ. ಯಾಕೆ?

"ಗ್ಯಾಸ್ ಮುಗಿದಿತ್ತು ಮೇಡಂ. ಅಲ್ಲಿ ಬರೆದಿದ್ದೀನಿ," ಅಂದಳು ಇರೆತಿ.

ಡೀನ್ ಇನ್ನೊಂದು ಪುಸ್ತಕ ತೆರೆದರು. ಹಸಿರು ರಟ್ಟು. ನನ್ನ ಗ್ಯಾಸ್ ರಿಜಿಸ್ಟರ್. ನನ್ನದೇ ಅಕ್ಷರ. ೨ ಮಾರ್ಚ್: ಹೊಸ ಸಿಲಿಂಡರ್, ಪೂರ್ತಿ. ೧೪ ಮಾರ್ಚ್: ಅರ್ಧಕ್ಕಿಂತ ಮೇಲೆ. ಒಂದು ದಿನವೂ ಬಿಟ್ಟಿಲ್ಲ, ಒಂದು ಅಂಕಿಯೂ ತಿದ್ದಿಲ್ಲ.

"ಮಿಸ್ಟರ್ ಮುಫುತಾವ್, ಆ ದಿನ ಗ್ಯಾಸ್ ಇತ್ತೋ ಇಲ್ವೋ?"

ಇರೆತಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಾಬಾ ಇದ್ದಾರಲ್ಲ, ಹೇಳುತ್ತಾರೆ ಅನ್ನುವ ನೋಟ.

"ರಿಜಿಸ್ಟರಲ್ಲಿ ಇರೋದೇ ಸರಿ ಮೇಡಂ."

ಒಂದಕ್ಷರ ಸುಳ್ಳಿಲ್ಲ.

"ಬಾಬಾ?" ಅಂದಳು. ಅಷ್ಟೇ.

"ನೀವಿನ್ನು ಹೋಗ್ಬಹುದು," ಅಂದರು ಡೀನ್ ನನಗೆ.

೫ ಆಗಸ್ಟ್

ಕೆಲಸಕ್ಕೆ ಹೋಗಲಿಲ್ಲ. ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇರಲಿಲ್ಲ.

೧೯ ಸೆಪ್ಟೆಂಬರ್

ಇರೆತಿ ತಾನೇ ಪಿಎಚ್‌ಡಿಯಿಂದ ಹೆಸರು ವಾಪಸ್ ತೆಗೆದುಕೊಂಡಳು. ತೆಗೆದುಕೊಂಡರೆ 'ವಂಚನೆ' ಅನ್ನುವ ಪದ ಬರೆಯುವುದಿಲ್ಲ ಅಂದರಂತೆ. ನಾಲ್ಕು ವರ್ಷದ ಓದು, ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸಿತು. ನಾನು ಇಲಿಮನೆಯಲ್ಲಿದ್ದೆ, ಅವಳು ಹೋಗುವವರೆಗೆ.

ಪ್ರೊಫ್ ಎಲ್ಲರ ಮುಂದೆ: "ಮಗಳ ಹಾಗೆ ನಂಬಿದ್ದೆ." ಆಮೇಲೆ ನನ್ನ ಕಡೆ: "ನೀನೊಬ್ಬ ನೇರ ಮನುಷ್ಯ ಕಣಯ್ಯ."

ಊಟ ಸೇರಲಿಲ್ಲ. ಸಿಕಿರಾತ್ ಕೇಳಿದಳು. ಹೇಳಿದೆ, ಮೊದಲಿಂದ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ನಿಂತು ಒಂದೇ ಮಾತು: "ಆ ಹುಡುಗಿ ಊರಿಗೆ ಬಸ್ ಬೆಳಿಗ್ಗೆ ಎಷ್ಟೊತ್ತಿಗೆ?"

೧೦ ಅಕ್ಟೋಬರ್

ಇಸೆಯಿನ್. ಇರೆತಿಯ ಊರಿಗೆ ಹೋಗಿ ಬಂದೆ. ಮೂರು ವಾರ ತಡ ಮಾಡಿ.

ತಾಯಿಯದು ನೂಲಿನ ಅಂಗಡಿ, ನೇಕಾರರ ಓಣಿಯಲ್ಲಿ. ಇರೆತಿ ಬಣ್ಣದ ನೂಲು ಸುತ್ತುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು, ಮಂಡಿಯೂರಿದಳು. ಅಷ್ಟೆಲ್ಲ ಆದ ಮೇಲೂ. ತಾಯಿ ಅಮಾಲಾ ಮುದ್ದೆ ತಟ್ಟೆಗೆ ಹಾಕಲು ಒಳಗೆ ಓಡಿದರು. "ನಿಮ್ಮ ಹೆಸರು ಈ ಮನೇಲಿ ದಿನಾ ಬರ್ತಿತ್ತು ಬಾಬಾ!" ಅಂದರು.

ಊಟಕ್ಕೆ ಮೊದಲೇ ಹೇಳಿಬಿಟ್ಟೆ. ಸಾಲು, ಹೀರಿದ್ದು, ಏಣಿ, ಸಹಿ, ಗುಟ್ಟಿನ ಟ್ರೇ, ಏಪ್ರಿಲ್ ಇಪ್ಪತ್ತು. ಮಾತಿನ ಮಲ್ಲ ನಾನು. ಒಂದು ಜೋಕೂ ಬರಲಿಲ್ಲ.

ಹೇಳಿ ಮುಗಿಸಿ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಹಣೆ ನೆಲಕ್ಕೆ ಮುಟ್ಟಿಸಿ. ನಮ್ಮಲ್ಲಿ ಕಿರಿಯರು ಹಿರಿಯರಿಗೆ ಮಲಗುತ್ತಾರೆ. ಅರವತ್ತರ ಗಂಡಸು ಮೂವತ್ತರ ಹುಡುಗಿಯ ಮುಂದೆ ಮಲಗಿದ್ದನ್ನು ಆ ಓಣಿ ಎಂದೂ ನೋಡಿರಲಾರದು. ತಾಯಿ ಚೀರಿದರು. "ಏಳಿ! ಶಾಪ ತಟ್ಟುತ್ತೆ ನನ್ನ ಮಗಳಿಗೆ! ಏಳಿಸೇ ಅವರನ್ನ!"

ಇರೆತಿ ಏಳಿಸಲಿಲ್ಲ. ಅವಳ ಧ್ವನಿ ಮೇಲಿಂದ ಬಂತು.

"ನೀವು ಮಲಗಿದ ಮೇಲೆ ನಾನು ಕ್ಷಮಿಸ್ಲೇಬೇಕು. ಇಲ್ಲಾಂದ್ರೆ ಓಣಿಯವರು ನನಗೇ ಉಗೀತಾರೆ. ಅದಕ್ಕೇ ಮಲಗಿದ್ರಾ ಬಾಬಾ?"

ಎದ್ದೆ. ಹೌದೋ ಅಲ್ಲವೋ ನನಗೇ ಗೊತ್ತಾಗಲಿಲ್ಲ. ಇನ್ನೂ ಗೊತ್ತಿಲ್ಲ.

"ಬಾಲ ಉಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ," ಅಂದಳು. "ಬಡ ಲ್ಯಾಬು, ಎಲ್ರೂ ಉಳಿಸ್ತಾರೆ. ಮಾರ್ಚಲ್ಲಿ ಆ ಟ್ರೇ ನನ್ನ ಕೈಲೇ ಚೆಲ್ಲಿಸಿದ್ರಲ್ಲ, ಅದು. ಅದು ಕೆಟ್ಟ ಟ್ರೇ ಅಲ್ಲ ಬಾಬಾ. ಅದೇ ಉತ್ತರ. ಎಲ್ರೂ ಬೇಲಿ ಕಟ್ಟೋ ಕೋಶಕ್ಕೆ ಬೈತಾ ಕೂತಿದ್ದಾರೆ. ಅದು ಕಾಲಿಟ್ಟಿರೋ ನೆಲ ಹೇಳಿದ್ದನ್ನ ಅದು ಮಾಡುತ್ತೆ. ಹಾಸು ಬದಲಾದ್ರೆ ಕಲೆನೂ ಬಿಡುತ್ತೆ. ನಿಮ್ಮ ಗುಟ್ಟಿನ ಟ್ರೇಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಕೂತಿತ್ತು. ಅದನ್ನೇನು ಮಾಡಿದ್ರಿ?"

"ತೊಳೆದಿಟ್ಟೆ."

"ತೊಳೆದಿಟ್ರಿ." ನೂಲಿನ ಉಂಡೆ ಕೈಯಲ್ಲೇ ಇತ್ತು. "ಒಂದು ಫೋಟೋನಾದ್ರೂ?"

ಇಲ್ಲ ಅಂತ ತಲೆಯಾಡಿಸಿದೆ. ಇದನ್ನೇ ನಾನು ಈವರೆಗೆ ನೋಡಿರಲಿಲ್ಲ. ಕಳ್ಳತನ ಮುಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದೆ. ಮುಚ್ಚಿಟ್ಟದ್ದು ಬೇರೆಯೇ.

"ಇದನ್ನೆಲ್ಲ ಬರೆದು ಸಮಿತಿಗೆ ಕೊಡಿ. ಸಹಿ ಹಾಕಿ. ಆಮೇಲೆ ಕ್ಷಮಿಸೋ ಮಾತು."

ಕೊಡುತ್ತೇನೆ ಅಂದೆ. ಮುದ್ದೆ ಆರಿಹೋಗಿತ್ತು. ತಾಯಿ ಬಲವಂತ ಮಾಡಲಿಲ್ಲ.

೧೨ ಅಕ್ಟೋಬರ್

ಕಾಗದ ಬರೆದೆ. ಒಂದೂವರೆ ಪುಟ. ಚೆನ್ನಾಗಿದೆ.

೨೦ ಅಕ್ಟೋಬರ್

ಕಾಗದ ಜೇಬಿನಲ್ಲಿದೆ. ಪಿಂಚಣಿಯ ಅರ್ಜಿ ಪ್ರೊಫ್ ಮೇಜಿನ ಮೇಲಿದೆ. ಅವರ ಸಹಿ ಬೀಳಲಿ, ಮಾರನೇ ದಿನವೇ ಕೊಡುತ್ತೇನೆ.

೨೮ ಅಕ್ಟೋಬರ್

ಸಹಿ ಬಿತ್ತು.

೬ ನವೆಂಬರ್

ಬೀಳ್ಕೊಡುಗೆ. ಪ್ರೊಫ್ ಹತ್ತು ನಿಮಿಷ ಮಾತಾಡಿದರು. 'ಒಂದು ಅಂಕಿ ತಿದ್ದದ ಕೈ' ಅಂದರು. ಚಪ್ಪಾಳೆ. ಡೀನ್ ಮೇಡಂ ಮೊದಲ ಸಾಲಿನಲ್ಲೇ ಇದ್ದರು, ನಾಲ್ಕು ಹೆಜ್ಜೆ ದೂರ. ಜೇಬಿಗೆ ಕೈ ಹಾಕಿದೆ. ಆ ಹೊತ್ತಿಗೆ ಯಾರೋ ಕೈಗೆ ಗೋಡೆ ಗಡಿಯಾರ ಕೊಟ್ಟರು, ಎರಡೂ ಕೈ ಬೇಕಾಯಿತು.

ಸಿಕಿರಾತ್ ದಾರಿಯಲ್ಲಿ ಕೇಳಿದಳು. "ಕೊಟ್ರಾ?"

"ಇವತ್ತು ಹೆಂಗೆ ಕೊಡೋಕಾಗುತ್ತೆ, ಅವರೆಲ್ಲ..."

"ಹೂಂ," ಅಂದಳು. ಗಡಿಯಾರವನ್ನು ಗೋಡೆಗೆ ಹಾಕಲು ಅವಳು ಬಿಟ್ಟಿಲ್ಲ.

೯ ಮೇ ೨೦೧೭

ಪಿಂಚಣಿ ಪರಿಶೀಲನೆಗೆ ಅಂತ ಡಿಪಾರ್ಟ್‌ಮೆಂಟಿಗೆ ಹೋಗಿದ್ದೆ. ನೋಟೀಸ್ ಬೋರ್ಡಿನಲ್ಲಿ ಹೊಸ ಲೇಖನವೊಂದನ್ನು ಚುಚ್ಚಿದ್ದರು. ಸಾಗರದಾಚೆಯ ಯಾವುದೋ ಲ್ಯಾಬು. ಗಾಯದ ಬಳಿ ಕೊಲಾಜೆನ್ ಸೇರಿಕೊಂಡರೆ ನಕ್ಷತ್ರಕೋಶಗಳು ಕಲೆ ಕಟ್ಟುತ್ತವೆ. ಅವುಗಳನ್ನು ಅದರಿಂದ ಬಿಡಿಸಿದರೆ ಕಲೆ ಕಟ್ಟದೆ ಸುಮ್ಮನಾಗುತ್ತವೆ. ಚಿತ್ರಗಳೂ ಇದ್ದವು. ಓದುವುದೇ ಬೇಕಿರಲಿಲ್ಲ, ನೋಡಿದರೇ ಸಾಕಾಗಿತ್ತು. ಒಂದು ಕಡೆ ಬೇಲಿ, ಒಂದು ಕಡೆ ತಣ್ಣಗೆ.

ಹೊಸ ವಿದ್ಯಾರ್ಥಿನಿ ಒಬ್ಬಳು ಪಕ್ಕದಲ್ಲಿ ನಿಂತು ಓದುತ್ತಿದ್ದಳು. "ಎಷ್ಟು ಸುಲಭ ಅನ್ಸುತ್ತೆ ಅಲ್ವಾ ಬಾಬಾ, ನೋಡಿದ ಮೇಲೆ," ಅಂದಳು.

"ಹೌದಮ್ಮ."

ಮನೆಗೆ ಬಂದು ಕೂತಿದ್ದೇನೆ. ಯಾರಿಗೆ ಏನು ಬಂತು, ಬರೆದುಬಿಡುತ್ತೇನೆ. ಪ್ರೊಫ್‌ಗೆ ಎರಡು ವರ್ಷ ಸೇವೆ ಮುಂದುವರಿಕೆ. ಎಲೆಗೆ ಪತ್ರಿಕೆಯಲ್ಲಿ ಫೋಟೋ. ಸಾಗರದಾಚೆಯವರಿಗೆ ಆ ಉತ್ತರ. ಅವರು ಯಾರದನ್ನೂ ಕದ್ದಿಲ್ಲ, ದುಡಿದು ಪಡೆದರು. ಎದುರು ವಾರ್ಡಿನ ಹುಡುಗರಿಗೆ ಇನ್ನೂ ಏನಿಲ್ಲ, ಎರಡು ವರ್ಷ ಮುಂಚೆ ಬರಬಹುದಾಗಿದ್ದೂ ಬರಲಿಲ್ಲ. ಇರೆತಿಗೆ ಇಸೆಯಿನ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರದ ಪಾಠ, ವಾರಕ್ಕೆ ಇಪ್ಪತ್ತೆರಡು ಪೀರಿಯಡ್. ಅಲ್ಲಿ ಮೈಕ್ರೋಸ್ಕೋಪ್ ಇಲ್ಲ ಅಂತ ಕೇಳಿದೆ. ನನಗೆ ಒಳ್ಳೆಯ ಹೆಸರು, ಮತ್ತೆ ಇನ್ನೂ ಕೊಡದ ಒಂದೂವರೆ ಪುಟದ ಕಾಗದ.